ನೌಕೆ ಇಳಿಯಬೇಕಿದ್ದ ಸಂಜೆ

ಇವತ್ತು ಜೋಳ ಹಸನು ಮಾಡಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಕಾಕಾನ ಹಳೆಯ ರೇಡಿಯೊ ಒರೆಸಿದೆ. ಅದರ ಚರ್ಮದ ಚೀಲದ ವಾಸನೆಗೆ ಮುದ್ದೇಬಿಹಾಳದ ಆ ಸಂಜೆ ನೆನಪಾಯಿತು.

ಬಾಹ್ಯಾಕಾಶಕ್ಕೆ ಹೋದವರು ಅಂದು ಮರಳಬೇಕಿತ್ತು. ಕಾಕಾ, ಅವನ ಗೆಳೆಯ ರೇಡಿಯೊ ಮುಂದೆ ಕುಳಿತಿದ್ದರು. ಪ್ರಯಾಣ ಹೋದವರು ಮನೆ ಮುಟ್ಟುವ ತನಕ ಕಸ ಗುಡಿಸಬಾರದೆಂದು ಕಾಕಾ ಬೆಳಗಿನಿಂದ ಯಾರಿಗೂ ಕಸಬರಿಗೆ ಮುಟ್ಟಗೊಟ್ಟಿರಲಿಲ್ಲ.

"ಅವರೇನ್ ನಿನ್ನ ಬೀಗರೇನೋ?" ಎಂದು ಅಜ್ಜಿ ನಕ್ಕಳು.

ನೌಕೆ ಆಕಾಶದಲ್ಲೇ ಚೂರಾಯಿತೆಂದು ರೇಡಿಯೊ ಹೇಳಿತು. ಗೆಳೆಯ ಎದ್ದು ಹೋದ. ಅವ್ವ ಕಸಬರಿಗೆ ಎತ್ತಿಕೊಂಡಳು.

"ಇಡವ್ವಾ ಅದನ್ನ," ಅಂದಳು ಅಜ್ಜಿ. "ಮನಿ ಮುಟ್ಟಿಲ್ಲಂದ್ರ ಇನ್ನೂ ದಾರ್ಯಾಗ ಅದಾರ. ಬಾಗಲಾನೂ ಹಾಕಬ್ಯಾಡ."

ಹೊಸ್ತಿಲ ಬಳಿ ಕುಳಿತ ಅಜ್ಜಿ ಒಮ್ಮೆ ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದಳು.

ತಣ್ಣಗಾದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಎಲ್ಲರಿಗಿಂತ ಮೊದಲು ಕಾಕಾ ಮಲಗಿದ, ಗೋಡೆಗೆ ಮುಖ ಮಾಡಿ.