ಕಂಬದ ಬೆಲ್ಲ

ಊರಿಗೆ ಕಡಲು ನುಗ್ಗಿದ ಮೇಲೆ ಬೀರಮ್ಮನಿಗೆ ಗುಡ್ಡದ ಮೇಲಿನ ಹೊಸ ಕಾಲನಿಯಲ್ಲಿ ಮನೆ ಸಿಕ್ಕಿತು. ಹಿತ್ತಿಲೂ ಇತ್ತು. ಆದರೆ ಜನ್ಮವಿಡೀ ತಾಳೆಮರದ ರಸ ಇಳಿಸಿ ಬೆಲ್ಲ ಕಾಸಿದವಳಿಗೆ ಅಲ್ಲಿ ಒಂದೇ ಒಂದು ಮರವಿರಲಿಲ್ಲ. ಇದ್ದದ್ದು ಬೀದಿದೀಪದ ಕಂಬ. ಈಗಿನ ಕಂಬಗಳೆಲ್ಲ ಬೀಜ ಹಾಕಿ ಬೆಳೆಸಿದವೇ ತಾನೇ. ಬೇರು ಬಿಡುತ್ತವೆ, ಸಂಜೆಯಾದರೆ ತುದಿಯಲ್ಲಿ ಬೆಳಕು ಬಿಡುತ್ತವೆ. ಬೇರಿದ್ದ ಮೇಲೆ ರಸ ಇರಲೇಬೇಕೆಂದು ಬೀರಮ್ಮ ಏಣಿ ಹಾಕಿದಳು. ದಿನಾ ಕೊಡತಿಯಿಂದ ಕಂಬದ ಕುತ್ತಿಗೆಯನ್ನು ಮೆಲ್ಲಗೆ ತಟ್ಟಿ ಹದ ಮಾಡಿ, ಗೀರು ಹಾಕಿ, ರಸ ಹುಳಿಯಾಗದಂತೆ ಒಳಗೆ ಸುಣ್ಣ ಬಳಿದ ಮಡಕೆ ಕಟ್ಟಿದಳು.

ಬೆಲ್ಲವೇನೋ ಆಯಿತು. ಆದರೆ ಕಂಬದ ಬೆಳಕು ಕುಂದಿ ಬೀದಿ ಮಬ್ಬಾಯಿತು. ಒಂದು ಸಂಜೆ ಲೈನ್‌ಮನ್ ಹಮ್ಮಣ್ಣ ಬಂದ.

“ಬೀರಕ್ಕಾ, ಮಡಕೆ ಇಳ್ಸು. ಇಲ್ದಿದ್ರೆ ಮನೆ ಕಿತ್ಕಳ್ತಾರೆ. ಸಾಹೇಬ್ರಿಗೆ ಇವತ್ತೇ ಹೇಳ್ಬೇಕು ನಾನು.”

“ಮರ ಎಲ್ಲ ಕಡಲಿಗೆ ಕೊಟ್ಟು ಬಂದವ್ಳು ನಾನು. ಇನ್ನು ಮಡಕೆನೂ ಕೊಡೂದಿಲ್ಲ, ಮನೆನೂ ಬಿಡೂದಿಲ್ಲ. ಮೊದ್ಲು ಒಂದು ಚೂರು ತಿನ್ನು ಮಾರಾಯ.”

“ತನಿಖೆಗೆ ಅಷ್ಟೇ ಮತ್ತೆ,” ಎಂದು ಹಮ್ಮಣ್ಣ ಬೆಲ್ಲ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಇನ್ನೊಂದು ಚೂರನ್ನು ತಾನೇ ಕೈಹಾಕಿ ತೆಗೆದುಕೊಂಡ. “ಚಲೋ ಅದೆ” ಎನ್ನಲು ಬಾಯಿ ತೆರೆದಾಗ ಅವನ ಹಲ್ಲಿನ ಸಾಲು ಹೊತ್ತಿಕೊಂಡು, ಅಂಗಳದ ತುಳಸಿಕಟ್ಟೆಯವರೆಗೆ ಬೆಳಕು ಬಿತ್ತು. ಗಾಬರಿಯಲ್ಲಿ ಅಂಗಿಯ ತುದಿಯಿಂದ ಉಜ್ಜಿದ. ಹಲ್ಲು ಇನ್ನೂ ಪಳಪಳನೆ ಹೊಳೆಯಿತು.

“ಉಜ್ಜಬೇಡ, ಒಂದು ವಾರ ಹೋಗೂದಿಲ್ಲ ಅದು. ಈ ಬೀದಿಯವ್ರೆಲ್ಲ ಹಾಂಗೇ ಓಡಾಡ್ತಾರೆ,” ಎಂದಳು ಬೀರಮ್ಮ, ಏಣಿ ಹತ್ತುತ್ತಾ. “ಈಗ ಹೋಗು, ಸಾಹೇಬ್ರ ಹತ್ರ ನನ್ನ ಮೇಲೆ ದೂರು ಹೇಳು. ಬಾಯಿ ಮುಚ್ಕಂಡು ಹೇಳು, ಅಷ್ಟೇ.”