ಡಬ್ಬಿಯ ಮೇಲಿನ ಊರು

“ಈ ನೀರು ಹರೀತದೇನು? ಕೇಳು ಆ ಅಂಬಿಗನ್ನ,” ಎಂದರು ಬಸವಲಿಂಗಪ್ಪ, ದೋಣಿಯಲ್ಲಿ ಕುಳಿತ ಕೂಡಲೇ.

ಮಗಳು ಸೌಜನ್ಯಾ ಕೇಳಲಿಲ್ಲ. ಅಪ್ಪನ ಕೈ ಕೋಟಿನೊಳಗೆ ಎದೆಯ ಮೇಲಿತ್ತು. ಅಲ್ಲಿ ಎರಡು ಶಿವದಾರಗಳಿದ್ದವು. ಒಂದರಲ್ಲಿ ಅವರ ಇಷ್ಟಲಿಂಗ. ಇನ್ನೊಂದರಲ್ಲಿ, ಬೆಳ್ಳಿಯ ಕರಡಿಗೆಯೊಳಗೆ, ಚಳಿ ಮುಗಿಯುವ ಹೊತ್ತಿಗೆ ತೀರಿಕೊಂಡ ಅವ್ವ ಶೈಲಮ್ಮನದು. ಅದನ್ನು ಈ ಬ್ರೂಜ್ ಊರಿನ ಕಾಲುವೆಗೆ ಬಿಟ್ಟುಬಿಟ್ಟರೆ ಒಂದು ಭಾರ ಇಳಿದೀತೆಂದು ಅವಳು ನ್ಯೂವಾರ್ಕಿನಲ್ಲಿ ವಿಮಾನ ಹತ್ತಿದಾಗಿನಿಂದ ಕಾಯುತ್ತಿದ್ದಳು. ಇಳಿಯಬೇಕಾದ ಭಾರ ಅವಳದೇ.

ಆಸ್ಪತ್ರೆಯಲ್ಲಿ ಅವ್ವನನ್ನು ಸ್ಕ್ಯಾನಿಗೆ ಒಯ್ಯುವಾಗ, ಮೈಮೇಲೆ ಲೋಹ ಇರಕೂಡದೆಂದು ನರ್ಸ್ ಆ ಕರಡಿಗೆಯನ್ನು ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೌಜನ್ಯಾಳ ಕೈಗೆ ಕೊಟ್ಟಿದ್ದಳು. ಅವಳು ಪರ್ಸಿನಲ್ಲಿಟ್ಟುಕೊಂಡಳು. ಬೆಳಗಾಗುವಷ್ಟರಲ್ಲಿ ಅವ್ವ ಲಿಂಗೈಕ್ಯಳಾದಳು. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಮಣ್ಣು ಮಾಡುವುದು ಅವರ ಪದ್ಧತಿ. ಆದರೆ ಅವರಿದ್ದ ಪಿಸ್ಕಾಟವೇ ಊರಿನ ಹತ್ತಿರದ ಸ್ಮಶಾನಕ್ಕೆ ಪೆಟ್ಟಿಗೆ ಮುಚ್ಚಿಯೇ ಬಂದಿತ್ತು. ಕೈಯಲ್ಲಿಲ್ಲದಿದ್ದರೂ ಸೆರಗಿನೊಳಗೆ ಎದೆಯ ಮೇಲಾದರೂ ಇದೆಯಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ಮಣ್ಣು ಕೊಟ್ಟು ಬಂದು, ಕಾರಿನ ಕೀಲಿಗಾಗಿ ಪರ್ಸಿಗೆ ಕೈ ಹಾಕಿದಾಗ ಸೌಜನ್ಯಾಳ ಬೆರಳಿಗೆ ಆ ಚೀಲ ತಾಗಿತು.

ಅಪ್ಪ ಬೈಯಲಿಲ್ಲ. “ಮಲಗಿದಾಕಿನ್ನ ಮತ್ತ ಎಬ್ಬಿಸೂದು ಬ್ಯಾಡ. ಕೊಡು ಇಲ್ಲೆ,” ಎಂದು ಕೈ ಚಾಚಿದರು. ಆಮೇಲೆ ಆ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಮಠದ ಗುರುಗಳು ಫೋನಿನಲ್ಲಿ, ನೀರಿಗೆ ಬಿಡಿ ಎಂದರು. ಬ್ರೂಜಿಗೆ ಹೋಗೋಣ ಎಂದವರು ಅಪ್ಪನೇ. ಯಾರೋ ಆಫೀಸಿನ ಗೆಳೆಯ ಕೊಟ್ಟಿದ್ದ ಚಾಕೊಲೇಟಿನ ತಗಡಿನ ಡಬ್ಬಿಯಲ್ಲಿ ಅವ್ವ ವಿಭೂತಿ ಇಡುತ್ತಿದ್ದಳು. ಅದರ ಮುಚ್ಚಳದ ಮೇಲಿದ್ದದ್ದು ಈ ಊರು. ಕಾಲುವೆ, ಕಲ್ಲಿನ ಸೇತುವೆ, ಗಂಟೆಯ ಗೋಪುರ. ದಿನಾ ಪೂಜೆಗೆ ಕುಳಿತು ಅದನ್ನು ತೆರೆಯುವಾಗ, “ಒಮ್ಮೆ ಕರ್ಕೊಂಡು ಹೋಗ್ರಿ,” ಎನ್ನುವಳು. “ರಿಟೈರ್ ಆಗ್ಲಿ ತಡಿ,” ಎನ್ನುವರು ಅಪ್ಪ. ರಿಟೈರ್ ಆಗಿ ವರ್ಷಗಳೇ ಉರುಳಿದ್ದವು.

ದೋಣಿ ಹೊರಟಿತು. ಮೊದಲ ಸೇತುವೆ ಬಂದಾಗ ಅಂಬಿಗ, “ತಲೆ ಬಗ್ಗಿಸಿ, ಬಗ್ಗದವರನ್ನು ಸೇತುವೆಯೇ ಬಗ್ಗಿಸುತ್ತದೆ,” ಎಂದು ಇಂಗ್ಲಿಷಿನಲ್ಲಿ ಕೂಗಿದ. ಎಲ್ಲರೂ ನಗುತ್ತ ಬಗ್ಗಿದರು. ತಂಪು ಕಲ್ಲಿನ ವಾಸನೆ ನೆತ್ತಿಯ ಮೇಲೆ ಹಾದುಹೋಯಿತು. ಸೇತುವೆ ದಾಟಿದ ಮೇಲೆ ಬಸವಲಿಂಗಪ್ಪ ತಾವೇ ಅವನನ್ನು ಕೇಳಿದರು, “ಈಸ್ ದಿಸ್ ವಾಟರ್ ಫ್ಲೋಯಿಂಗ್?”

ಹಿಂದೆ ಸಮುದ್ರದಿಂದ ಸರಕು ಈ ಊರಿಗೇ ಬರುತ್ತಿತ್ತು, ಆಮೇಲೆ ಹೂಳು ತುಂಬಿ ದಾರಿ ಮುಚ್ಚಿತು, ಈಗ ನೀರು ನಿಂತಂತೆಯೇ, ಎಂದ ಅಂಬಿಗ. ಅದಕ್ಕೇ ಫೋಟೋ ಚೆನ್ನಾಗಿ ಬರುತ್ತವೆ ಎಂದೂ ಸೇರಿಸಿದ.

“ಕೇಳಿದೇನು? ನಿಂತ ನೀರು.”

“ಅಪ್ಪಾ, ವಾಟರ್ ಈಸ್ ವಾಟರ್. ಗುರುಗಳೇ ಹೇಳ್ಯಾರಲ್ಲ. ಪ್ಲೀಸ್, ಬಿಟ್ಟುಬಿಡ್ರಿ.”

“ಆ ಎಲಿ ನೋಡು. ಬಿದ್ದಲ್ಲೇ ಕುಂತಾವ.”

ನಿಜ. ಹಳದಿಗೆ ತಿರುಗಿದ ಎಲೆಗಳು ದಂಡೆಯ ಮರಗಳ ಕೆಳಗೆ ಬಿದ್ದು, ಎತ್ತ ಹೋಗಲೂ ತೋಚದೆ ನಿಂತಿದ್ದವು.

“ಹಂಗಾರ ಮನೀಗೆ ಹೋಗಿ ರಾರಿಟನ್ ನದಿಗೆ ಬಿಡೂಣು. ಅದು ಹರೀತದಲ್ಲ?”

“ಬಿಡೂದೇ ಇತ್ತಂದ್ರ ರಾರಿಟನ್ ಮನೀ ಹತ್ರನ ಇತ್ತಲ್ಲ, ಹುಚ್ಚಿ. ಟಿಕೆಟ್ ತಗಿಸಿ ಇಷ್ಟು ದೂರ ಯಾಕ ಬರ್ತಿದ್ದೆ?” ಅಪ್ಪ ಕೋಟಿನ ಗುಂಡಿ ಬಿಚ್ಚಿದರು. “ನಿಮ್ಮವ್ವಗ ಊರು ತೋರ್ಸಾಕ ಬಂದೀನಿ.”

ಅವರು ಕರಡಿಗೆ ತೆರೆದು, ಅವ್ವನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಪೂಜೆಯಲ್ಲಿ ಹಿಡಿಯುವ ಹಾಗೆ ಎದೆಯ ಮಟ್ಟಕ್ಕೆ ಹಿಡಿದರು. ತುಟಿಗಳು ಪಂಚಾಕ್ಷರಿ ಜಪಿಸುತ್ತಿದ್ದವು. ಎಳೆಗೂಸಿಗೆ ಚಂದಿರನನ್ನು ತೋರಿಸುವವರಂತೆ ಅಂಗೈಯನ್ನು ಮೆಲ್ಲಗೆ ಈ ದಂಡೆಗೆ, ಆ ದಂಡೆಗೆ, ಗಂಟೆಯ ಗೋಪುರಕ್ಕೆ ತಿರುಗಿಸಿದರು. ಎದುರಿಗೆ ಕುಳಿತಿದ್ದ ಹೆಂಗಸೊಬ್ಬಳು ಫೋಟೋ ತೆಗೆಯುವುದನ್ನು ಬಿಟ್ಟು ಕ್ಯಾಮೆರಾ ಕೆಳಗಿಳಿಸಿದಳು. ಅಪ್ಪ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆ ಮುಚ್ಚಿದರು.

“ಸೌಜು, ಆಕಿ ಬಾಜೂದ ಜಾಗಾ ನನಗಂತ ಹಿಡಿದಿಟ್ಟೀವಲ್ಲ. ಆ ಹೊತ್ತಿಗೆ ನನ್ನ ಎಡಗೈಯಾಗ ನಂದು ಇಡು. ಬಲಗೈಯಾಗ ಆಕೀದು. ಒಯ್ದು ಕೊಡ್ತೀನಿ.”

“ಅಪ್ಪಾ, ಸ್ಟಾಪ್ ಇಟ್.”

“ಇಡ್ತೀ ಅಲ್ಲ?”

ಅವಳು ಹೂಂ ಎಂಬಂತೆ ತಲೆಯಾಡಿಸಿದಳು.

ಅಪ್ಪ ಅವಳ ಮಡಿಲಲ್ಲಿದ್ದ ಪರ್ಸನ್ನು ನೋಡಿದರು. ಹೊರಡುವಾಗ ಕೊಡೆ ಮರೆಯಬೇಡವೆಂದು ನೆನಪಿಸುವವರ ದನಿಯಲ್ಲಿ ಹೇಳಿದರು:

“ಈ ಸಲ ಪರ್ಸಿನಾಗ ಇಡಬ್ಯಾಡ.”

ಮುಂದಿನ ಸೇತುವೆ ಬಂತು. ಅಂಬಿಗ ಕೂಗಿದ, ಎಲ್ಲರೂ ಬಗ್ಗಿದರು, ಕತ್ತಲೆ ಮೇಲಿಂದ ಸರಿದುಹೋಯಿತು. ದೋಣಿ ಬೆಳಕಿಗೆ ಬಂದಾಗ ಒಬ್ಬೊಬ್ಬರಾಗಿ ತಲೆ ಎತ್ತಿದರು. ಸೌಜನ್ಯಾ ಎತ್ತಲಿಲ್ಲ.