ನೆಟ್ಟ ನೋಟ

ಜಾಗೃತ ದಳದ ಸಾಹೇಬರು ಹುಡುಗಿಯ ಮುಂದಿದ್ದ ಉತ್ತರಪತ್ರಿಕೆಯನ್ನು ಎಳೆದುಕೊಂಡಾಗ ಗಣಿತ ಪರೀಕ್ಷೆ ಮುಗಿಯಲು ಇನ್ನೂ ಐವತ್ತು ನಿಮಿಷವಿತ್ತು. ಆ ಕೋಣೆಯ ಮೇಲ್ವಿಚಾರಣೆಗೆ ಹಾಕಿದ್ದ ಡ್ರಿಲ್ ಮೇಷ್ಟ್ರು ಓಡಿಬಂದರು. ಹುಡುಗಿ ಪಕ್ಕದವಳ ಹಾಳೆಯನ್ನು ಎವೆಯಿಕ್ಕದೆ ನೋಡುತ್ತಿದ್ದಳಂತೆ, ಸಾಹೇಬರು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡರಂತೆ. ಇಷ್ಟು ರಾಜಾರೋಷದ ಕಳ್ಳತನವನ್ನು ತಮ್ಮ ಸರ್ವಿಸ್ಸಿನಲ್ಲೇ ನೋಡಿಲ್ಲ ಎನ್ನುತ್ತ ಅವರು ಮೇಜಿನ ಮೇಲೆ ವರದಿಯ ಫಾರಂ ಬಿಡಿಸಿದರು. ಅದು ತುಂಬಿತೆಂದರೆ ಹುಡುಗಿ ಡಿಬಾರ್. ಬರೆದ ಐದು ಪೇಪರೂ ನೀರಿಗೆ ಬಿದ್ದಂತೆ.

ಬೆಳಿಗ್ಗೆ ಗೇಟಿನಲ್ಲೇ ಹುಡುಗಿಯ ತಾಯಿ ಮೇಷ್ಟ್ರನ್ನು ತಡೆದು ಬಿಡಿಸಿ ಹೇಳಿದ್ದರು. ಮಗಳಿಗೆ ಮೂರ್ಛೆರೋಗ. ಆದರೆ ಬೀಳುವುದಿಲ್ಲ, ಒದ್ದಾಡುವುದಿಲ್ಲ. ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾಳೆ, ಕಣ್ಣು ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ, ಹದಿನೈದು ಇಪ್ಪತ್ತು ಸೆಕೆಂಡಿಗೆ ತಾನಾಗಿಯೇ ಸರಿಹೋಗುತ್ತಾಳೆ. ದಿನಕ್ಕೆ ಎಷ್ಟೋ ಸಲ. ಹಾಗೆ ಕಳೆದುಹೋಗುವ ಹೊತ್ತಿಗೆ ಬದಲಾಗಿ ಅರ್ಧ ಗಂಟೆ ಹೆಚ್ಚು ಕೊಡಿ ಎಂದು ಡಾಕ್ಟರ ಚೀಟಿ ಸಮೇತ ಅರ್ಜಿ ಹಾಕಿದ್ದರೆ, ಕಣ್ಣು, ಕಿವಿ, ಕೈಕಾಲು ಬಿಟ್ಟು ಬೇರೆ ಕಾಯಿಲೆಗೆ ನಮೂನೆಯಲ್ಲಿ ಜಾಗವಿಲ್ಲ ಎಂದು ವಾಪಸು ಬಂದಿತ್ತಂತೆ. ಮೇಷ್ಟ್ರು ತಲೆದೂಗುತ್ತ ಎಲ್ಲ ಕೇಳಿದರು. ತಲೆಯೊಳಗೆ ಉಳಿದದ್ದು ಮಾತ್ರ ಮೂರ್ಛೆ ಎಂಬ ಒಂದೇ ಮಾತು.

ಇಪ್ಪತ್ತಾರು ವರ್ಷ ಮೈದಾನದಲ್ಲಿ ಬಿದ್ದ ಮಕ್ಕಳನ್ನು ಎತ್ತಿದ ಜೀವ ಅದು. ಅವರಿಗೆ ಗೊತ್ತಿದ್ದ ಕಾಯಿಲೆಯೆಂದರೆ ಬೀಳುವುದು. ಹುಡುಗಿಯ ನಂಬರು ಬರೆದಿದ್ದ ಬೆಂಚು ಕೊನೆಯ ಸಾಲಿನಲ್ಲಿ ಕಬ್ಬಿಣದ ಕಂಬಕ್ಕೆ ತಾಗಿಕೊಂಡಿತ್ತು. ತಲೆ ಬಡಿದುಕೊಂಡರೆ ಗತಿಯೇನೆಂದು ಅವಳನ್ನು ಎಬ್ಬಿಸಿ, ಮುಂದಿನ ಬೆಂಚಿನಲ್ಲಿ ಇನ್ನೊಬ್ಬಳ ಮಗ್ಗುಲಿಗೆ ಕೂರಿಸಿದರು. ತಲೆಯಡಿಗೆ ಬೇಕಾದೀತೆಂದು ತಮ್ಮ ಸ್ವೆಟರನ್ನೂ ಮಡಚಿ ಇಟ್ಟುಕೊಂಡರು. ಆಮೇಲೆ ಅವರ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಈಗ ಬಿದ್ದಾಳು, ಇನ್ನೇನು ಬಿದ್ದಾಳು ಎಂದು ಎರಡು ಗಂಟೆ ಮೈಯೆಲ್ಲ ಕಣ್ಣಾಗಿ ಸುತ್ತಿದರು. ನಡುವೆ ನಾಲ್ಕೈದು ಸಲ ಅವಳ ಪೆನ್ನು ನಿಂತದ್ದು ಕಂಡು, ಪಾಪ, ಮಗು ಯೋಚನೆ ಮಾಡುತ್ತಿದೆ ಎಂದು ಸಮಾಧಾನಪಟ್ಟುಕೊಂಡರಲ್ಲ, ಪುಣ್ಯಾತ್ಮ!

ಈಗ ತಾಯಿ ಹೇಳಿದ್ದೆಲ್ಲ ಒಟ್ಟಿಗೆ ಹೊಳೆಯಿತು: ಪೆನ್ನು ನಿಂತದ್ದೂ ಮೂರ್ಛೆಯೇ, ಈ ನೆಟ್ಟ ನೋಟವೂ ಮೂರ್ಛೆಯೇ. ಹೇಳಿಬಿಡಬೇಕು. ಹೇಳಿದರೆ ಬೆಂಚು ಬದಲಿಸಿದ್ದೂ ಹೊರಬೀಳುತ್ತದೆ. ನಂಬರು ಹಾಕಿದ ಜಾಗದಿಂದ ಮಕ್ಕಳನ್ನು ಕದಲಿಸಕೂಡದೆಂದು ನಿನ್ನೆಯಷ್ಟೇ ಮೀಟಿಂಗಿನಲ್ಲಿ ಒತ್ತಿ ಹೇಳಿದ್ದರು. ಮೇಷ್ಟ್ರ ನಿವೃತ್ತಿಗೆ ಉಳಿದಿರುವುದು ಏಳು ತಿಂಗಳು. ಅವರು ಕೊನೆಗೆ ಅರ್ಧ ದಾರಿಯ ಮಾತೊಂದನ್ನು ಆಡಿದರು.

"ಇಬ್ಬರ ಪೇಪರನ್ನೂ ಪಕ್ಕಪಕ್ಕ ಇಟ್ಟು ನೋಡಿ ಸಾರ್. ಒಂದು ಲೆಕ್ಕವಾದ್ರೂ ಒಂದೇ ಥರ ಇದ್ರೆ ಕೇಳಿ."

"ಅದು ಪೇಪರ್ ತಿದ್ದೋರ ಕೆಲಸ. ನಾನು ಕಂಡಿದ್ದು ಬರೀತೀನಿ, ಅಷ್ಟೇ."

ಸಾಹೇಬರು ಹುಡುಗಿಯ ನಂಬರು ಬರೆದರು, ದಿನಾಂಕ ಬರೆದರು, ನಕಲು ಎಂಬಲ್ಲಿಗೆ ಬಂದರು. ಹುಡುಗಿ ಅಳುತ್ತಿರಲಿಲ್ಲ. ತಾನು ಏನು ಮಾಡಿದೆನೆಂದು ತಿಳಿಯದೆ ಬೆಂಚಿನ ಅಂಚು ಹಿಡಿದು ನಿಂತಿದ್ದಳು. ಅದನ್ನು ನೋಡಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಅವಳ ಬೆಂಚು ಅದಲ್ಲ ಸಾರ್. ನಾನೇ ಎಬ್ಬಿಸಿ ಅಲ್ಲಿ ಕೂರಿಸಿದ್ದು. ಅವಳಿಗೆ ಮೂರ್ಛೆ ಇದೆ. ನೀವು ಬಾಗಿಲಲ್ಲಿ ನಿಂತಿದ್ದಾಗ ಅವಳಿಗೆ ಏನೂ ಕಾಣ್ತಿರಲಿಲ್ಲ."

ಸಾಹೇಬರಿಗೆ ನಗು ಬಂತು. ಮೂರ್ಛೆ ಹೋದವರು ನೆಟ್ಟಗೆ ಕೂತು ಪಕ್ಕದವರ ಹಾಳೆ ನೋಡುವುದನ್ನು ತಾವು ಕೇಳಿಯೇ ಇಲ್ಲವೆಂದರು. ಬೆಂಚು ಬದಲಿಸಿದ ಮೇಷ್ಟ್ರನ್ನೂ ಇದೇ ವರದಿಯಲ್ಲಿ ಸೇರಿಸುವುದಾಗಿ ಹೇಳಿ, ಹುಡುಗಿಯನ್ನು ಮೇಜಿನ ಹತ್ತಿರಕ್ಕೆ ಕರೆದರು.

"ಏನಮ್ಮಾ, ನೀನೇ ಹೇಳು. ನೋಡಿದೆಯೋ ಇಲ್ವೋ?"

"ನಾನು ಅವಳ ಪೇಪರು..." ಎಂದ ಹುಡುಗಿ ಅಲ್ಲಿಗೇ ನಿಂತಳು. ಬಾಯಿ ಅರ್ಧ ತೆರೆದಿತ್ತು. ಕಣ್ಣು ಸಾಹೇಬರ ಫಾರಮ್ಮಿನ ಮೇಲಿತ್ತು.

ಮುಂದೆ ಹೇಳು ಎಂದರು ಸಾಹೇಬರು. ಮೇಜು ಕುಟ್ಟಿದರು. ಅವಳ ರೆಪ್ಪೆ ಅಲುಗಲಿಲ್ಲ. ತಾವು ಬರೆದದ್ದನ್ನೇ ದಿಟ್ಟಿಸುತ್ತಿದ್ದ ಆ ಕಣ್ಣಿಗೆ ಕಸಿವಿಸಿಗೊಂಡು ಅವರು ಫಾರಂ ಮೇಲೆ ಅಂಗೈ ಅಡ್ಡ ಇಟ್ಟರು. ಹುಡುಗಿ ಅಂಗೈಯನ್ನೂ ಹಾಗೆಯೇ ನೋಡುತ್ತಿದ್ದಳು. ಬರೆಯುತ್ತಿದ್ದ ಮಕ್ಕಳೆಲ್ಲ ತಲೆಯೆತ್ತಿದರು.

"ಈಗ ನಿಮ್ಮದನ್ನೂ ಕಾಪಿ ಹೊಡೀತಿದ್ದಾಳೆ ಸಾರ್," ಎಂದರು ಮೇಷ್ಟ್ರು. "ಅದನ್ನೂ ಬರ್ಕೊಳ್ಳಿ."

ಸಾಹೇಬರು ಬರೆಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಹುಡುಗಿ ಒಮ್ಮೆ ರೆಪ್ಪೆ ಬಡಿದು, ನಡುವೆ ಏನೂ ಆಗಿಲ್ಲವೆಂಬಂತೆ ಅವರ ಮುಖ ನೋಡಿದಳು.

"...ನೋಡ್ಲಿಲ್ಲ ಸಾರ್," ಎಂದಳು.